ಬಲಗಡೆಯ ಗಾಜು

ತನ್ನ ಹೆಂಡತಿಗೆ ಕಾನೂನಿನ ಮೇಲೆ ಅಪಾರ ಭಕ್ತಿ ಇದೆ ಎಂದು ಅಡ್ಡಗದ್ದೆಯ ನಾಗಪ್ಪ ಬಹಳ ದಿನ ತಪ್ಪು ತಿಳಿದಿದ್ದ. ಹಳೆ ಕಾರು ಕೊಂಡ ಲಾಗಾಯ್ತು ವನಜಮ್ಮನದು ಒಂದೇ ಹಟ: “ಈ ಕರಿ ಫಿಲಂ ಕೀಳಿ. ಪೊಲೀಸ್ರು ಹಿಡೀತಾರೆ.”

ನಿಜ ಬೇರೆ. ಕಾರು ಓಡಿಸುತ್ತಿದ್ದವಳು ವನಜಮ್ಮ. ಅದನ್ನು ನಾಲ್ಕು ಜನ ನೋಡಲಿ ಎಂಬುದು ಅವಳ ಆಸೆ. ನಾಗಪ್ಪ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ (ಅಧಿಕಾರಿಗೆ ಹೊಟ್ಟೆಕಿಚ್ಚು ಎಂಬುದು ಅವನ ವ್ಯಾಖ್ಯಾನ). ಆದರೆ ಹಿಂದಿನ ಮಾಲೀಕ ಮುಂದಿನ ಗಾಜನ್ನೂ ಬಿಡದೆ ಕಪ್ಪು ಅಂಟಿಸಿದ್ದರಿಂದ ಒಳಗೆ ಯಾರು ಎಲ್ಲಿದ್ದಾರೆಂದು ಕಾಣುತ್ತಿರಲಿಲ್ಲ. ಕಾರು ನಿಂತೊಡನೆ ನಾಗಪ್ಪ ಎಡಗಡೆಯಿಂದ ಜಾರಿ, ದಡದಡ ಅರ್ಧ ಪ್ರದಕ್ಷಿಣೆ ಬಂದು, ಬಲಗಡೆ ಬಾಗಿಲಿಗೆ ಒರಗಿ, ಸ್ಪೇರ್ ಕೀ ಬೆರಳಲ್ಲಿ ತಿರುಗಿಸುತ್ತ ನಿಲ್ಲುವನು. (ಒಳಗೆ ವನಜಮ್ಮ ಇಳಿಯಲಾಗದೆ ಗಾಜು ಬಡಿಯುವಳು.) ಕಿಗ್ಗದ ನೆಂಟ ಮಂಜಪ್ಪ, “ತಿರುವಲ್ಲಿ ಎಂಥಾ ಕಂಟ್ರೋಲು ಭಾವ!” ಎಂದರೆ, “ಎಲ್ಲ ಅಭ್ಯಾಸ” ಎಂದು ವಿನಯದಿಂದ ತಲೆ ತಗ್ಗಿಸುವನು.

ಕಳೆದ ವಾರ ಕೊಪ್ಪದಲ್ಲಿ ಪೊಲೀಸರು ನಿಲ್ಲಿಸಿ, ಇನ್ನೊಮ್ಮೆ ಕಂಡರೆ ಗಾಡಿ ಠಾಣೆಗೆ ಎಂದರು. ಭಾನುವಾರ ಮಂಜಪ್ಪನ ಗೃಹಪ್ರವೇಶ; ಬಂಧುಬಳಗವೆಲ್ಲ ಅಲ್ಲೇ. ಒಂದು ವರ್ಷದ ಕೀರ್ತಿ ಆ ಫಿಲಮ್ಮಿಗೇ ಅಂಟಿಕೊಂಡಿತ್ತು.

ಶನಿವಾರ ನಾಗಪ್ಪ ದೋಸೆ ಸಟ್ಟುಗ ಹಿಡಿದು ಕಾರಿನ ಹೊರಗೆ ನಿಂತು ಕೆರೆದ. ಒಂದು ಗಂಟೆಯಾದರೂ ಒಂದು ಚೂರು ಏಳಲಿಲ್ಲ. ಗಾಜನ್ನು ಮೂಸಿ ನೋಡಿದ, ಏನೂ ತಿಳಿಯಲಿಲ್ಲ.

“ಇದು ಫಿಲಂ ಅಲ್ಲ ಕಣೆ, ಗಾಜೇ ಹುಟ್ಟಾ ಕರೀದು,” ಎಂದ, ಆಸೆಯಿಂದ.

“ಅಂಟ್ಸಿರೋದು ಒಳಗಡೆ ಮಾರಾಯ್ರೆ! ಹೊರಗಿಂದ ಕೆರೆದ್ರೆ ಎಂತ ಬರ್ತದೆ? ನನ್ನ ಸಟ್ಟುಗ ಕೊಡಿ ಇತ್ಲಾಗೆ.”

ವನಜಮ್ಮ ಬಿಸಿನೀರಿನ ಬಟ್ಟೆ ಒತ್ತಿ, ಉಗುರಲ್ಲಿ ಅಂಚು ಎಬ್ಬಿಸಿ ಎಳೆದಳು. ಉಳಿದ ಅಂಟಿಗೆ, ಹಲಸಿನ ಮೇಣಕ್ಕೆ ಹಚ್ಚುವ ಹಾಗೆ, ಕೊಬ್ಬರಿ ಎಣ್ಣೆ ತಿಕ್ಕಿದಳು. ಕಿತ್ತ ಫಿಲಂ ಹಿಡಿದುಕೊಳ್ಳುವ ಮಹತ್ಕಾರ್ಯ ನಾಗಪ್ಪನದು. ಅದು ಮೊದಲು ಅವನ ಮೊಣಕೈಗೆ, ಅಲ್ಲಿಂದ ಪಂಚೆಗೆ, ಕೊನೆಗೆ ಕೆನ್ನೆಗೆ ಅಂಟಿತು.

“ಬಲಗಡೇದು ಒಂದು ಇರ್ಲಿ,” ಎಂದ, ಕೆನ್ನೆ ಬಿಡಿಸಿಕೊಳ್ಳುತ್ತ. “ನಿಂಗೆ ಬಿಸಿಲು ಹೊಡೀತದೆ.”

“ಪೊಲೀಸ್ರು ಆ ಕಡೆ ಕಣ್ಣು ಮುಚ್ಕಂಡು ಹೋಗ್ತಾರಾ?”

ಸರ್ರೆಂದು ಬಲಗಡೆಯದೂ ಬಂತು. ಅದರ ಹಿಂದೆ ಮುಂದಿನ ಗಾಜಿನದೂ.

ಭಾನುವಾರ ಕಿಗ್ಗದ ದಾರಿಯುದ್ದಕ್ಕೂ ನಾಗಪ್ಪ ತಲೆಗೆ ಟವೆಲ್ ಸುತ್ತಿ, ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿ ಕೂತಿದ್ದ. ಕಾರು ನಿಂತಿತು. ಮಂಜಪ್ಪ ಓಡಿ ಬಂದವನು ನೇರ ಬಲಗಡೆಗೇ ಹೋದ.

“ಬಾ ವನಜಕ್ಕ! ಆ ತಿರುವಲ್ಲಿ ಎಂಥಾ ಕಂಟ್ರೋಲು, ಯಾವಾಗಿನ ಹಾಗೇ!”

ನಾಗಪ್ಪ ಟವೆಲ್ ಕಿತ್ತು ಎದ್ದು ಕೂತ. “ಯಾವಾಗಿನ ಹಾಗೆ ಅಂದ್ರೆ? ನಿಂಗೆ ಮೊದ್ಲೇ ಗೊತ್ತಿತ್ತಾ?”

“ಊರಿಗೇ ಗೊತ್ತು ಭಾವ.”

“ಮತ್ತೆ ನನ್ನ ಹೊಗಳ್ತಿದ್ದದ್ದು?”

“ನಿಮಗೆ ಖುಷಿ ಆಗ್ತಿತ್ತಲ್ಲ,” ಎಂದು ಮಂಜಪ್ಪ ಬೇರೆ ನೆಂಟರ ಕಡೆ ನಡೆದ.

ನಾಗಪ್ಪ ಕಕ್ಕಾಬಿಕ್ಕಿಯಾಗಿ ಹೆಂಡತಿಯ ಕಡೆ ತಿರುಗಿದ. “ಹೊರಗಿಂದ ಒಂದು ಚೂರೂ ಕಾಣ್ತಿರ್ಲಿಲ್ವಲ್ಲೇ! ಓಡಿಸೋದು ನಾನಲ್ಲ ಅಂತ ಇವರಿಗೆಲ್ಲ ಹ್ಯಾಗೆ ಗೊತ್ತಾಯ್ತು?”

ವನಜಮ್ಮ ಸೆರಗು ಸರಿ ಮಾಡಿಕೊಂಡು ಇಳಿದಳು.

“ಒಂದು ವರ್ಷದಿಂದ ಕಾರು ಒಂದ್ಸಲನೂ ಚರಂಡಿಗೆ ಬಿದ್ದಿಲ್ಲ. ಅದ್ರಲ್ಲೇ.”