ತೋರಿಸಲಾಗದ ಜಾಗದ ನೋವು

ತಲೆನೋವು ಬಂದವರು ತಲೆ ಹಿಡಿದುಕೊಂಡು ಕೂಡಬಹುದು, ಹಲ್ಲುನೋವು ಬಂದವರು ಗಲ್ಲ ಹಿಡಿದುಕೊಳ್ಳಬಹುದು. ಆದರೆ ಕೈಯಿಟ್ಟು ತೋರಿಸಲಾಗದ ಜಾಗದಲ್ಲಿ ನೋವು ಬಂತೆಂದರೆ ನಗೆಪಾಟಲಿನ ಪ್ರಸಂಗಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ನನ್ನ ಪಾಲಿಗೆ ಅವು ಐದು ತಿಂಗಳು ಬಂದವು.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮದು ನಿಜಾಮರ ಸೀಮೆ. ನನ್ನ ತವರು ಮಾನ್ವಿ, ಕೊಟ್ಟದ್ದು ದೇವದುರ್ಗಕ್ಕೆ. ಗಂಡ ಸಾಲಿ ಮಾಸ್ತರ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು. ಮೊದಲನೆಯ ಕೂಸು ಮಾನ್ವಿಯಲ್ಲಿ ಹುಟ್ಟಿ, ಹನ್ನೊಂದು ದಿನ ಇದ್ದು ಹೋಯಿತು. ಗಂಡು ಕೂಸು. ಹೆಸರಿಡಲು ಇನ್ನೂ ಎರಡು ದಿನ ಇತ್ತು.

ಎರಡು ವರ್ಷದ ಮೇಲೆ ಮತ್ತೆ ದಿನ ನಿಂತಾಗ ಮನೆಯಲ್ಲಿ ಯಾರೂ ಸಂತೋಷ ತೋರಿಸಲಿಲ್ಲ. ತೋರಿಸಿದರೆ ಎಲ್ಲಿ ದೃಷ್ಟಿ ತಾಗೀತೋ ಎಂದು ಎಲ್ಲರೂ ಮುಖ ಗಂಟು ಹಾಕಿಕೊಂಡೇ ಓಡಾಡಿದರು. ಐದನೇ ತಿಂಗಳಿಗೆ ಬಿದ್ದಾಗ ನನಗೆ ನೋವು ಶುರುವಾಯಿತು. ಹೊಟ್ಟೆಯಲ್ಲಲ್ಲ. ಹೊಟ್ಟೆಯ ಕೆಳಗೆ, ಮುಂದಿನ ಎಲುಬು ಎರಡು ಕಡೆಯಿಂದ ಬಂದು ಕೂಡುತ್ತದಲ್ಲ, ಅಲ್ಲಿ. ಹಿಂದೆ ಸೊಂಟದ ಕೀಲಿನಲ್ಲೂ. ಒಂದೇ ಕಾಲ ಮೇಲೆ ಭಾರ ಬಿಟ್ಟರೆ ಯಾರೋ ಕಟ್ಟಿಗೆ ಸೀಳಿದ ಹಾಗೆ ಆಗುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಒಳಗಿನ ಕೂಸಿಗೇ ಏನೋ ಆಗಿದೆ ಎಂದು ಮನಸ್ಸಿನಲ್ಲಿ ಖಾತ್ರಿ ಮಾಡಿಕೊಂಡಿದ್ದೆ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

೧. ಹೊಸ್ತಿಲು

ನಮ್ಮ ಮನೆಯ ತಲೆಬಾಗಿಲ ಹೊಸ್ತಿಲು ಗೇಣಿಗಿಂತ ಎತ್ತರ. ಅದನ್ನು ದಾಟಬೇಕೆಂದರೆ ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಲ್ಲಬೇಕು. ಅದೇ ನನ್ನಿಂದ ಆಗುತ್ತಿರಲಿಲ್ಲ. ಚೌಕಟ್ಟು ಹಿಡಿದು, ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಧೈರ್ಯ ಬರುವ ತನಕ ನಿಂತಿರುತ್ತಿದ್ದೆ. ಬಾಯಲ್ಲಿ ಸಣ್ಣಗೆ ‘ಶಿವನೇ, ಶಿವನೇ’ ಎಂದು ನರಳಿಕೆ. ಆಮೇಲೆ ಬಾಗಿ, ಹೊಸ್ತಿಲ ಮೇಲೆ ಕೈಯೂರಿ, ಹೇಗೋ ದಾಟಿಕೊಳ್ಳುತ್ತಿದ್ದೆ.

ಎದುರು ಮನೆಯ ಗೌಡಸಾನಿ ಇದನ್ನು ನಾಲ್ಕು ದಿನ ನೋಡಿದಳು. ಐದನೆಯ ದಿನ ಬಂದು ನಮ್ಮತ್ತೆಗೆ ಹೇಳಿದಳು: “ನಿನ್ನ ಸೊಸಿ ಪುಣ್ಯವಂತಿ ಬಿಡವ್ವಾ. ಹೊಸ್ತಿಲಿಗಿ ನಮಸ್ಕಾರ ಮಾಡಲಾರ್ದ ಕಾಲ ತಗಿಯೂದಿಲ್ಲ. ನನ್ನ ಮನಿಯಾಗ ಮೂರು ಮಂದಿ ಸೊಸ್ತೇರು ಅದಾರ. ಆಡಿನ ಮರಿ ಹಾರಿದಂಗ ಹಾರ್ತಾರ.”

ಗೌಡಸಾನಿ ಮನೆಗೆ ಹೋಗಿ ತನ್ನ ಸೊಸೆಯರಿಗೆ ಕಟ್ಟಪ್ಪಣೆ ಮಾಡಿದಳು. ಇನ್ನು ಮುಂದೆ ಯಾವ ಹೊಸ್ತಿಲು ದಾಟಿದರೂ ನಿಂತು, ಕಣ್ಣು ಮುಚ್ಚಿ, ಶಿವನಾಮ ಹೇಳಿ, ಬಾಗಿ ಮುಟ್ಟಿಯೇ ದಾಟಬೇಕು.

ಎಂಟು ದಿನದ ಮೇಲೆ ಅವಳ ಕಿರಿ ಸೊಸೆ ಒಲೆಗೆ ಕೆಂಡ ಕೇಳುವ ನೆಪದಲ್ಲಿ ನನ್ನ ಹತ್ತಿರ ಬಂದಳು.

“ಅಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ, ಒಂದೀಟು ಭಕ್ತಿ ಕಮ್ಮಿ ಮಾಡು” ಅಂದಳು. “ನಮ್ಮ ಅಡಗಿಮನಿಯಿಂದ ಪಡಸಾಲಿಗಿ ಮೂರು ಹೊಸ್ತಿಲ ಅದಾವ. ನೀ ಶುರು ಮಾಡಿದಾಗಿಂದ ನಮ್ಮ ಮನಿ ಗಂಡಸರು ಒಬ್ಬರೂ ಬಿಸಿ ಸಾರು ಉಂಡಿಲ್ಲ.”

೨. ಹಕೀಮರ ಔಷಧ

ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಆದರೂ ನಾನು ಗೋಡೆ ಹಿಡಿದು ನಡೆಯುವುದನ್ನು ಕಂಡು ಒಂದು ದಿನ ಕೇಳಿದರು. “ಕಾಲು ನೋಯ್ತಾವ್ರೀ” ಅಂದೆ. ಅಷ್ಟೇ ಹೇಳಲು ಸಾಧ್ಯವಾಯಿತು; ನೋವು ಮೊಣಕಾಲಿಗಿಂತ ಮೇಲೆಲ್ಲೋ ಇದೆಯೆಂದು ನನ್ನ ನಡಿಗೆ ನೋಡಿ ಅವರೇ ಊಹಿಸಿಕೊಂಡರು. ಸಂಜೆ ಅವರೊಬ್ಬರೇ ಹಕೀಮರ ಅಂಗಡಿಗೆ ಹೋದರು. ಅಲ್ಲಿ ಅವರ ಸಾಲಿ ಮಕ್ಕಳ ತಂದೆಯರು ಇಬ್ಬರು ಮೊದಲೇ ಬಂದು ಕೂತಿದ್ದರಂತೆ.

“ಎಲ್ಲಿ ದರ್ದ್ ಅದ ಮಾಸ್ತರ್ ಸಾಬ್?” ಎಂದು ಹಕೀಮರು ಕೇಳಿದರು.

“ಕಾಲಾಗ್ರೀ.”

“ಯಾವ ಕಾಲಾಗ?”

“ಎರಡೂ.”

“ಮೊಣಕಾಲಾಗೇನು?”

“ಇನ್ನೊಂದೀಟು ಮ್ಯಾಲ.”

“ಎಷ್ಟು ಮ್ಯಾಲ?”

ಇವರು ತಮ್ಮ ತೊಡೆಯ ತನಕ ಕೈ ತಂದು ನಿಲ್ಲಿಸಿದರು. ಮುಂದಕ್ಕೆ ಹೋಗಲು ಕೈಗೆ ಧೈರ್ಯ ಬರಲಿಲ್ಲ. “ಅದಕ್ಕಿಂತಾ ಮ್ಯಾಲೇನು?” ಎಂದಾಗ ತಲೆಯಾಡಿಸಿದರು. ಹಕೀಮರು ಕನ್ನಡಕದ ಮೇಲಿಂದ ನೋಡಿ, ದನಿ ಸಣ್ಣದು ಮಾಡಿ ಕೇಳಿದರು: “ಎಷ್ಟು ದಿನದಿಂದ ಅದ ನಿಮಗ?”

ನನಗಲ್ಲ, ನನ್ನ ಹೆಂಡತಿಗೆ ಎನ್ನಬೇಕಿತ್ತು. ಆ ಇಬ್ಬರ ಎದುರು ಹೆಂಡತಿಯ ಮೈ ಮಾತು ಎತ್ತಲು ನಾಚಿ, “ಒಂದು ತಿಂಗಳಾತ್ರೀ” ಅಂದುಬಿಟ್ಟರು.

ಒಂದು ಶೀಶೆ ಎಣ್ಣೆ ಬಂತು. ಅದನ್ನು ನನಗೆ ಕೊಟ್ಟರು. ಬೀದಿಯೆಲ್ಲ ನಾರಿತು, ನೋವು ಇದ್ದಲ್ಲೇ ಇತ್ತು. ಎಣ್ಣೆ ನನಗೆ ಬಂದರೂ ಪಥ್ಯ ಅವರಿಗೇ ಉಳಿಯಿತು. ಹಕೀಮರ ಅಂಗಡಿ ಸಾಲಿಗೆ ಹೋಗುವ ದಾರಿಯಲ್ಲೇ ಇತ್ತು. ದಿನಾ ಕರೆದು ವಿಚಾರಿಸುವರು. ಬದನೆಕಾಯಿ ಇಲ್ಲ, ಹುಣಸೆಹುಳಿ ಇಲ್ಲ, ಜೋರಾಗಿ ನಡೆಯುವಂತಿಲ್ಲ. ಪಾಪ, ಆ ಅಂಗಡಿ ಬಂದ ಕೂಡಲೇ ನಮ್ಮವರು ಕುಂಟುತ್ತಿದ್ದರು. ದಾಟಿದ ಮೇಲೆ ಸರಿಯಾಗಿ ನಡೆಯುತ್ತಿದ್ದರು.

ನಾನು ಮನೆಯಲ್ಲಿ ಗೋಡೆ ಹಿಡಿದೇ ಓಡಾಡುತ್ತಿದ್ದೆ. ತಿಂಗಳಾದ ಮೇಲೆ ನಮ್ಮವರು ಕುಂಟುವುದು ಬಿಟ್ಟಾಗ ಹಕೀಮರು ಅವರನ್ನು ಅಂಗಡಿ ಮುಂದೆ ನಿಲ್ಲಿಸಿ, ಬಂದ ರೋಗಿಗಳಿಗೆಲ್ಲ ತೋರಿಸಿದರಂತೆ: “ನೋಡ್ರಿ, ಎರಡೂ ಕಾಲು ಹೋಗಿದ್ವು. ಈಗ ಕುದ್ರಿ ಆಗ್ಯಾರ.”

೩. ಕುಬಸ

ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಮಾನ್ವಿಯಿಂದ ಅವ್ವ, ಚಿಗವ್ವ ಬಂದರು. ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂಡಿಸಿ, ಉಡಿ ತುಂಬಿದರು. ಸೋಬಾನ ಹಾಡುತ್ತಿದ್ದ ಮುದುಕಿ ಗಂಡುಮಗನ ನುಡಿ ಬಂದಾಗ ಅದನ್ನು ಬಿಟ್ಟು ಮುಂದಿನ ನುಡಿಗೆ ಹಾರಿದಳು. ಕೂತವರೆಲ್ಲ ನೆಲ ನೋಡಿದರು. ನಾನು ಬಳೆ ನೋಡಿಕೊಂಡೆ.

“ಏಳವ್ವಾ, ದೇವರಿಗಿ ಕೈ ಮುಗಿ” ಎಂದರು.

ಏಳಲು ನೋಡಿದೆ. ಒಂದು ತಾಸು ಕಾಲು ಮಡಚಿ ಕೂತಿದ್ದಕ್ಕೆ ಕೀಲು ಬಿಗಿದು ಹೋಗಿತ್ತು. ಮೊಣಕಾಲು ಅಲುಗಿಸಿದರೆ ಕಣ್ಣಿಗೆ ಕತ್ತಲೆ ಬಂತು. ಹಾಗೇ ಕೂತೆ.

“ಮುನಿಸಿಕೊಂಡಾಳ” ಎಂದಳು ಚಿಗವ್ವ. “ಸೀರಿ ಮನಸ್ಸಿಗಿ ಬಂದಿಲ್ಲ.”

ಅವ್ವನ ಕಣ್ಣಲ್ಲಿ ನೀರು ಬಂತು. ಯುದ್ಧದ ಕಾಲ, ಎಲ್ಲೂ ಬಟ್ಟೆ ಸಿಗುತ್ತಿರಲಿಲ್ಲ. ಸಿಕ್ಕ ತೆಳುವಾದ ಸೀರೆಯನ್ನೇ ತಂದಿದ್ದಳು. “ಸೀರಿ ಛಲೋ ಅದ ಯವ್ವಾ” ಅಂದೆ. “ಹಂಗಾರ ಏಳು” ಅಂದರು. ನಾನು ಏಳಲಿಲ್ಲ.

ಚಿಗವ್ವ ಒಳಗೆ ಹೋದಳು. ತಾನು ಉಟ್ಟಿದ್ದ ಇಳಕಲ್ ಸೀರೆ ಬಿಚ್ಚಿ, ನಮ್ಮತ್ತೆಯ ಹಳೆಯದೊಂದು ಸುತ್ತಿಕೊಂಡು ಬಂದು, ಇಳಕಲ್ ಸೀರೆ ನನ್ನ ಮಡಿಲಿಗೆ ಹಾಕಿದಳು. ಮರ್ಯಾದೆಗಾದರೂ ಏಳಬೇಕೆಂದು ಅರ್ಧ ಎದ್ದು ಮತ್ತೆ ಕುಸಿದೆ. “ಇನ್ನೂ ಇಳಿದಿಲ್ಲ ಸಿಟ್ಟು” ಎಂದಳು ಗೌಡಸಾನಿ. ಅವ್ವ ತನ್ನ ನಡುವಿನ ಬೆಳ್ಳಿ ಡಾಬು ಬಿಚ್ಚಿ ನನ್ನ ನಡುವಿಗೆ ಹಾಕಿದಳು. ನೋವಿದ್ದ ಕಡೆಗೇ ಸೇರು ಬೆಳ್ಳಿ.

ಚಿಗವ್ವ ಹಳೆ ಸೀರೆಯಲ್ಲೇ ಊರಿಗೆ ಹೋದಳು. ಆಮೇಲೆ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಈಗಲೂ ಮಾನ್ವಿಯ ನಮ್ಮ ಮಂದಿಯಲ್ಲಿ ಹೆಣ್ಣುಮಗಳೊಬ್ಬಳು ಏನಾದರೂ ಹಟ ಹಿಡಿದರೆ, “ಇಕಿ ನೋಡು, ದೇವದುರ್ಗದಾಕಿ ಹಂಗ ಮಣಿ ಮ್ಯಾಲ ಕುಂತಾಳ” ಅನ್ನುತ್ತಾರೆ.

೪. ಮಾವನ ರುಮಾಲು

ಆ ದಿನ ಮಂದಿ ಹೋದ ಮೇಲೆ ನಮ್ಮತ್ತೆ ಬಂದು ಬಗಲಲ್ಲಿ ಕೈ ಹಾಕಿ ನನ್ನನ್ನು ಎತ್ತಿ ನಿಲ್ಲಿಸಿದಳು. ಒಳಗೆ ಕೀಲು ಕಟಕ್ ಎಂದಿತು. ಆ ಸಪ್ಪಳ ಅವಳಿಗೂ ಕೇಳಿಸಿತು.

“ಯಾವಾಗಿಂದ?” ಎಂದು ಕೇಳಿದಳು.

“ಐದರಾಗ ಬಿದ್ದಾಗಿಂದ.”

“ಮುಂದನಾ?”

“ಮುಂದೂ ಅದ, ಹಿಂದೂ ಅದ.”

ಅತ್ತೆ ಮೊರದಲ್ಲಿನ ಜೋಳದ ಕಲ್ಲು ಆರಿಸುತ್ತ ಕೂತಳು. ಆಮೇಲೆ ಮೊರದ ಕಡೆಗೇ ನೋಡುತ್ತ ಹೇಳಿದಳು: “ನನಗೂ ಮೂರನೇದಕ್ಕ ಹಿಂಗಾ ಆಗಿತ್ತು. ಬೀಸೂ ಕಲ್ಲಿನ ಮುಂದ ಕುಂತು ಅಳ್ತಿದ್ದೆ. ಹೊರಗ ಇದ್ದವರು ಹಾಡು ಹಾಡಾಕತ್ತಾಳ ಅಂತಿದ್ರು.”

ಅವಳು ನನ್ನ ಎದುರು ತನ್ನ ಕಷ್ಟ ಹೇಳಿಕೊಂಡದ್ದು ಅದೊಂದೇ ಸಲ. ಮರುದಿನ ಬೆಳಿಗ್ಗೆ ಮಾವನವರ ರುಮಾಲು ತಂದು, ಮಡಚಿ, ಹೊಟ್ಟೆಯ ಕೆಳಗಿಂದ ಸೊಂಟದ ಸುತ್ತ ಬಿಗಿಯಾಗಿ ಸುತ್ತಿದಳು. ಎರಡು ತಿಂಗಳಲ್ಲಿ ಮೊದಲನೇ ಸಲ ನಾನು ಏನೂ ಹಿಡಿಯದೆ ನಿಂತೆ.

ಮಾವನವರಿಗೆ ಇದ್ದದ್ದು ಅದೊಂದೇ ರುಮಾಲು. ಅವರು ಬರಿದಲೆಯಲ್ಲೇ ಚಾವಡಿಗೆ ಹೋದರು. ಆಗಿನ ಕಾಲದಲ್ಲಿ ವಯಸ್ಸಾದ ಗಂಡಸು ಬರಿದಲೆಯಲ್ಲಿ ಬೀದಿಗೆ ಬಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಯಾರು ಎಂದು ಕೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಹಿಂದಿನ ಸಲ ಕೂಸು ಹೋಗಿತ್ತಲ್ಲ, ಈ ಸಲ ಬಸುರಿಯೇ ಎಂದುಕೊಂಡರು.

ಗೌಡಸಾನಿ ನಾಲ್ಕು ಹೆಂಗಸರನ್ನು ಕರೆದುಕೊಂಡು ಬೀದಿಯಿಂದಲೇ ಅಳುತ್ತ ಬಂದಳು. “ಹೊಸ್ತಿಲಿಗಿ ಕೈ ಮುಗೀತಿದ್ದೆಲ್ಲಾ ನನ್ನವ್ವಾ, ಆ ಶಿವಗ ಕಣ್ಣಿಲ್ಲದಂಗಾತಲ್ಲಾ” ಎಂದು ರಾಗವಾಗಿ ನನ್ನ ಗುಣಗಳನ್ನು ಎಣಿಸುತ್ತ ಒಳಗೆ ಕಾಲಿಟ್ಟಳು. ನಾನು ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ನನ್ನ ಹೆಸರಿನ ಅಳು ನಾನೇ ಕೇಳಿದೆ. ಈಗ ನಗುತ್ತೇನೆ, ಆವತ್ತು ನಗು ಬರಲಿಲ್ಲ.

ಗೌಡಸಾನಿ ನನ್ನನ್ನು ನೋಡಿದಳು, ಅಳು ನಿಲ್ಲಿಸಿದಳು, ಸೆರಗಿನಿಂದ ಮೂಗು ಒರೆಸಿಕೊಂಡು ನಮ್ಮತ್ತೆಯನ್ನು ಕೇಳಿದಳು: “ಮತ್ತ ಹೋದವರು ಯಾರವ್ವಾ?”

“ರುಮಾಲ” ಎಂದಳು ನಮ್ಮತ್ತೆ.

೫. ಗಬ್ಬೂರಿನ ತನಕ ಹಾಸಿಗೆ

ಎಂಟು ತುಂಬುವಾಗ ನಮ್ಮತ್ತೆ ಹೇಳಿದಳು: “ಮಾನ್ವಿ ಬ್ಯಾಡ. ಅಲ್ಲಿ ಒಂದು ಕೊಟ್ಟು ಬಂದೀವಿ. ರಾಯಚೂರಾಗ ಹೆಣ್ಣು ಡಾಕ್ಟರ್ ಅದಾಳಂತ, ಅಲ್ಲೇ ಹೋಗೂನು.”

ಗಾಡಿಯ ಕುಲುಕಾಟ ತಡೆಯಲೆಂದು ನಮ್ಮವರು ಗಾಡಿ ತುಂಬ ಒಣ ಶೇಂಗಾ ಬಳ್ಳಿ ಹಾಕಿಸಿ, ಮೇಲೆ ಕೌದಿ ಹಾಸಿದರು. ಮೊಣಕಾಲ ನಡುವೆ ದಿಂಬಿಟ್ಟುಕೊಂಡು ಮಗ್ಗುಲಾಗಿ ಮಲಗಿದೆ. ಗಾಡಿಯವನು ಒಳ್ಳೆಯವ. ನಾನು ನರಳಿದಾಗೆಲ್ಲ ಎತ್ತು ನಿಲ್ಲಿಸಿ, ನೋವು ಇಳಿಯುವ ತನಕ ಕಾಯುತ್ತಿದ್ದ. ನಮ್ಮ ಹಿಂದೆ ಇನ್ನೊಂದು ಗಾಡಿ ಬರುತ್ತಿತ್ತು. ಅವನೂ ಪಾಪ, ನಿಲ್ಲಿಸುತ್ತಿದ್ದ.

ನಡುದಾರಿಯ ಗಬ್ಬೂರು ಕಾಣುವ ಹೊತ್ತಿಗೆ ನನ್ನ ಬೆನ್ನಿಗೆ ಬರೀ ಹಲಗೆ ಒತ್ತತೊಡಗಿತು. ಅತ್ತೆ ಕೌದಿ ಎತ್ತಿ ನೋಡಿದರೆ ಶೇಂಗಾ ಬಳ್ಳಿಯೇ ಇಲ್ಲ. ನಾವು ನಿಂತಾಗೆಲ್ಲ ಹಿಂದಿನ ಗಾಡಿಯ ಎತ್ತುಗಳು ಕುತ್ತಿಗೆ ಚಾಚಿ ಹಾಸಿಗೆ ಎಳೆದು ತಿಂದಿದ್ದವು. ಅತ್ತೆ ಆ ಗಾಡಿಯವನನ್ನು ಬೈಯಲು ಇಳಿದಳು.

ಅವನು ತಲೆ ತಗ್ಗಿಸಿ ಹೇಳಿದ: “ಸಿಟ್ಟಾಗಬ್ಯಾಡ್ರಿ ಯವ್ವಾ. ನನ್ನ ಎತ್ತು ಹೊಟ್ಟಿ ತುಂಬ ತಿಂದು ಭಾಳ ದಿನ ಆಗಿತ್ತು. ತಂಗಿ ಇನ್ನೊಂದೆರಡು ಸಲ ನರಳಿದ್ರ ನಾಳಿಗೂ ಮೇವಿನ ಚಿಂತಿ ಇರ್ತಿದ್ದಿಲ್ಲ.”

೬. ದವಾಖಾನೆ

ಕೊನೆಗೆ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ನೆಂಟರ ಮನೆಯಲ್ಲಿ ಇಳಿದು ಒಂದು ತಿಂಗಳು ಕಾದೆವು. ಕಾಲು ಅಗಲ ಮಾಡಲು ಆಗದ ನನ್ನನ್ನು ಡಾಕ್ಟರಮ್ಮ ಮಗ್ಗುಲಾಗಿ ಮಲಗಿಸಿಯೇ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು. ಹುಟ್ಟಿದ ಕೂಡಲೇ ಅತ್ತಿತು. ಹನ್ನೊಂದು ದಿನ ಎಣಿಸುತ್ತ ನಾನು ನಿದ್ದೆ ಮಾಡಲಿಲ್ಲ. ಹನ್ನೆರಡನೆಯ ದಿನವೂ ಅತ್ತಿತು. ಕೀಲುನೋವು ಪೂರಾ ಹೋಗಲು ಮುಂದೆ ಆರು ತಿಂಗಳು ಹಿಡಿಯಿತು.

ಆದರೆ ಹೇಳಬೇಕಾದದ್ದು ದವಾಖಾನೆಗೆ ಹೋದ ಮೊದಲ ದಿನದ ಮಾತು. ಡಾಕ್ಟರಮ್ಮ ತೆಲುಗು ಕಡೆಯವರು. ಪರದೆ ಎಳೆದು ನನ್ನನ್ನು ಮಲಗಿಸಿದರು. ಪರದೆಯ ಆಚೆ ನಮ್ಮವರು ನಿಂತಿದ್ದರು.

“ಎಲ್ಲಮ್ಮಾ ನೋವು?”

“ಕೆಳಗ್ರೀ.”

“ಕೆಳಗೆ ಅಂದರೆ ಎಲ್ಲಿ?”

ಅತ್ತೆ ನನ್ನ ಪರವಾಗಿ ಹೇಳಿದಳು: “ಕೆಳಗಂದ್ರ ಕೆಳಗರೀ.”

ಡಾಕ್ಟರಮ್ಮ ಮತ್ತೆ ಕೇಳದೆ ಆ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದರು. ನನ್ನ ಕಣ್ಣಿಂದ ನೀರು ಬಂತು. ನೋವಿಗಿಂತ ಹೆಚ್ಚಾಗಿ, ಅದು ಎಲ್ಲಿದೆ ಎಂದು ಇನ್ನೊಬ್ಬರಿಗೆ ತಿಳಿಯಿತಲ್ಲ ಎಂದು. “ಕೂಸಿಗಿ ಏನಾರ ಆಗ್ಯಾದೇನ್ರೀ?” ಎಂದು ಕೇಳಿದೆ. ನಾಲ್ಕು ತಿಂಗಳು ನುಂಗಿಕೊಂಡಿದ್ದ ಮಾತು ಅದೊಂದೇ.

“ಕೂಸು ಚೆನ್ನಾಗಿದೆ” ಅಂದರು. “ಕೂಸಿಗೆ ದಾರಿ ಮಾಡಿಕೊಡಲು ನಿನ್ನ ಎಲುಬಿನ ಕೀಲು ಸಡಿಲ ಆಗಿದೆ. ಸ್ವಲ್ಪ ಹೆಚ್ಚೇ ಆಗಿದೆ, ಅದಕ್ಕೇ ನೋವು. ಹೆತ್ತ ಮೇಲೆ ಸರಿಹೋಗುತ್ತದೆ. ಸೊಂಟಕ್ಕೆ ಕಟ್ಟಿದ್ದು ಬಹಳ ಒಳ್ಳೆಯದಾಯಿತು.”

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಯೂ ಕಿಟಕಿಯ ಕಡೆ ಮುಖ ಮಾಡಿ ನಿಂತಳು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿ, ಗಟ್ಟಿಯಾಗಿ, ತಿಳಿಯುವ ಹಾಗೆ ಹೇಳಿದರು: “ಇನ್ನು ಮೇಲೆ ಒಂದು ಮಾತು ನೆನಪಿಡಬೇಕು. ಹಾಸಿಗೆಯಲ್ಲಿ ಹೊರಳುವಾಗ, ಏಳುವಾಗ, ಎರಡೂ ಮೊಣಕಾಲು ಕೂಡಿಸಿಯೇ ಇಟ್ಟುಕೊಳ್ಳಬೇಕು. ಯಾವ ಕಾರಣಕ್ಕೂ ಅಗಲ ಮಾಡಬಾರದು. ಇಷ್ಟು ಮಾಡಿದರೆ ತೊಂದರೆ ಇಲ್ಲ.”

ಅತ್ತೆ ಕಿಟಕಿಯಿಂದ ತಿರುಗಿದಳು. ಕಣ್ಣು ಇನ್ನೂ ಒದ್ದೆ, ಮುಖದಲ್ಲಿ ನಗುವಿನ ಸುಳಿವಿಲ್ಲ.

“ಇದನ್ನ ಒಂಬತ್ತು ತಿಂಗಳ ಹಿಂದ ಹೇಳಿದ್ರ ನಾವು ಇಲ್ಲಿತನ ಬರೂದಾ ಬೀಳ್ತಿದ್ದಿಲ್ಲ ಡಾಕ್ಟರ್ ಬಾಯಿ” ಅಂದಳು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನರ್ಸು ತೆಲುಗಿನಲ್ಲಿ ಹೇಳಿದಳು. ಅವರು ಗೋಡೆಯ ಕಡೆ ತಿರುಗಿ ನಿಂತರು, ಭುಜ ಕುಲುಕುತ್ತಿದ್ದವು. ಪರದೆಯ ಆಚೆ ನಮ್ಮವರು ಚಪ್ಪಲಿ ಅಲ್ಲೇ ಬಿಟ್ಟು ಹೊರಗೆ ಓಡಿದ ಸಪ್ಪಳ ಕೇಳಿಸಿತು. ಮಗಳು ಹುಟ್ಟಿದಾಗಲೂ ಅವರು ಒಳಗೆ ಬರಲೊಲ್ಲರು. ಡಾಕ್ಟರಮ್ಮನೇ ಕೂಸನ್ನು ಕಿಟಕಿಯ ತನಕ ಎತ್ತಿಕೊಂಡು ಹೋಗಿ ತೋರಿಸಬೇಕಾಯಿತು. ನಮ್ಮವರು ಕೂಸನ್ನು ನೋಡಿ ಡಾಕ್ಟರಮ್ಮನಿಗೆ ಕೈ ಮುಗಿದರಂತೆ, ಎರಡೂ ಮೊಣಕಾಲು ಕೂಡಿಸಿ ನಿಂತುಕೊಂಡು.