ಮೊರದ ರಾಗಿಗೆ ಮಾರಿದ ಕೂಸು

ಹೆರಿಗೆ ಮನೆಯಲ್ಲಿ ನಗುವಂಥದ್ದೇನಿದೆ ಅಂತ ಕೇಳುವವರು ಅಲ್ಲಿ ಒಂದು ದಿನವೂ ಕೂತವರಲ್ಲ. ನೋವು ತಿನ್ನುವವಳು ಒಳಗಿದ್ದರೆ, ನಗಿಸುವವರು ಜಗುಲಿಯ ಮೇಲೆ ಇದ್ದೇ ಇರುತ್ತಾರೆ.

ಮಹಾರಾಜರ ಕಾಲದಲ್ಲಿ ಶಿರಾ ಸೀಮೆಯ ಹೊಸದೊಂದು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ನಾನು ಮಿಡ್‌ವೈಫ್ ಆಗಿ ಬಂದೆ. ಡಾಕ್ಟರೊಬ್ಬರು, ನಾನೊಬ್ಬಳು. ಹೆರುವವರು ಮಾತ್ರ ಯಾರೂ ಇಲ್ಲ. ಯುಗಾದಿಯೊಳಗೆ ಜನ ಬಾರದಿದ್ದರೆ ಬಾಗಿಲು ಹಾಕಿಸುತ್ತೇವೆ ಅಂತ ಮೇಲಿನವರು ಹೇಳಿ ಹೋಗಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ.

ಮಂಚ

ಕೊನೆಗೆ ಮದಲೂರು ಕಡೆಯ ಅಜ್ಜಿಯೊಬ್ಬಳು ಬಸುರಿ ಸೊಸೆಯನ್ನು ಗಾಡಿಯಲ್ಲಿ ಕರೆತಂದಳು. ಹಿಂದಿನ ಕೂಸುಗಳು ದಕ್ಕಿರಲಿಲ್ಲ, ಇದಾದರೂ ಉಳಿಯಲಿ ಅಂತ ಆಸೆ.

ಕಬ್ಬಿಣದ ಮಂಚ ಕಂಡದ್ದೇ ಅಜ್ಜಿ, “ಇಷ್ಟೆತ್ತರದಾಗೆ ಹೆತ್ರೆ ಕೂಸು ಕೆಳಕ್ಕೆ ಬೀಳಾಕಿಲ್ವಾ ನರ್ಸಮ್ಮ?” ಅಂದಳು. ನಾನು ಬಿಸಿನೀರು ತರುವಷ್ಟರಲ್ಲಿ ಹಾಸಿಗೆ ಸಮೇತ ಅತ್ತೆ ಸೊಸೆ ಇಬ್ಬರೂ ಮಂಚದ ಕೆಳಗೆ! ಡಾಕ್ಟರು ಬಂದು, “ಓಡಿಹೋದರೇನಮ್ಮ?” ಎಂದು ಗಾಬರಿಯಾದರು.

ಕೆಳಗಿನಿಂದ ದನಿ ಬಂತು: “ಇಲ್ಲೇ ಇದೀವಿ ಸ್ವಾಮಿ. ಮ್ಯಾಲೆ ಜಾಗ ಖಾಲಿ ಐತೆ, ನೀವ್ ಕೂತ್ಕಳ್ಳಿ.”

ಬಿಟ್ಟಿ

ಗಂಡು ಕೂಸು, ಗಟ್ಟಿಯಾಗಿಯೇ ಅತ್ತಿತು. ಕಾಸು ಕೊಡಬೇಕಿಲ್ಲ ಅಂದದ್ದೇ ತಪ್ಪಾಯಿತು, ಅಜ್ಜಿಯ ಮುಖ ಬಾಡಿತು.

“ಏನೂ ಕೊಡದಿದ್ರೆ ಕೂಸು ನಮ್ದು ಅಂತ ಹೆಂಗಾಯ್ತದೆ? ನಾಳೆ ಮಾರಾಜ್ರು ಕುದ್ರೆ ಕಾಯಾಕೆ ಕರ್ಕೊಂಡೋದ್ರೆ?”

“ಮಹಾರಾಜರಿಗೆ ಬೇರೆ ಕೆಲಸ ಇಲ್ವೇನಜ್ಜಿ?”

“ಕೆಲ್ಸ ಇದ್ದಿದ್ರೆ ಊರೋರ ಬಾಣಂತನ ಯಾಕ್ ಮಾಡ್ಸೋರು?”

ಮಾರಾಟ

ಕೂಸು ದಕ್ಕದ ಮನೆಗಳಲ್ಲಿ ನಮ್ಮ ಕಡೆ ಒಂದು ಪದ್ಧತಿ. ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ಬೇರೆಯವರಿಗೆ ಕೊಟ್ಟು, ರಾಗಿ ಅಳೆದು ಅವರಿಂದಲೇ ಮತ್ತೆ ಕೊಂಡುಕೊಳ್ಳುತ್ತಾರೆ. ಪರರ ಕೂಸು ಅಂತ ಸಾವು ಬಿಟ್ಟುಹೋಗುತ್ತದಂತೆ.

ಊರಿಗೆ ಹೊರಟ ದಿನ ಅಜ್ಜಿ ಮೊರವನ್ನು ಕೂಸಿನ ಸಮೇತ ಡಾಕ್ಟರ ಕೈಗಿಟ್ಟು, ರಾಗಿಯ ಗಂಟು ಮುಂದೆ ಮಾಡಿದಳು. “ಇದು ನಿಮ್ ಕೂಸು. ಈ ರಾಗಿ ತಕ್ಕಂಡು ನಮ್ಗೆ ಮಾರ್ಬುಡಿ.”

ಡಾಕ್ಟರು ಸಿಡಿಮಿಡಿಗೊಂಡರು. “ಇಲ್ಲಿ ಯಾರಿಂದಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ. ಇದೆಲ್ಲ ಮೂಢನಂಬಿಕೆ!”

“ಹಂಗಾರೆ ನೀವೇ ಸಾಕ್ಕಳಿ,” ಅಂದು ಅಜ್ಜಿ ಸೊಸೆಯ ಜೊತೆ ಗಾಡಿ ಹತ್ತಿಯೇಬಿಟ್ಟಳು. ಎತ್ತುಗಳು ಹೆಜ್ಜೆ ಹಾಕಿದವು. ಕೂಸು ಡಾಕ್ಟರ ಕೋಟು ಒದ್ದೆ ಮಾಡಿತು. ಡಾಕ್ಟರು ಮೊರ ಹಿಡಿದುಕೊಂಡು ಸಂತೆಬೀದಿಯಲ್ಲಿ ಗಾಡಿಯ ಹಿಂದೆ ಓಡಿದರು: “ಮಾರಿದೆ ಕಣಮ್ಮಾ, ಮಾರಿದೆ!”

ಸಂತೆಗೆ ಬಂದಿದ್ದ ಹೆಂಗಸರೆಲ್ಲ ನೋಡಿದರು. ಡಾಕ್ಟರೇ ಕೂಸು ಮಾರಿಕೊಡುವ ಆಸ್ಪತ್ರೆ ಅಂತ ಸುದ್ದಿ ಹಬ್ಬಿ, ಯುಗಾದಿಯ ಹೊತ್ತಿಗೆ ಮಂಚದ ಮೇಲೂ ಜನ, ಕೆಳಗೂ ಜನ. ಬಾಗಿಲು ಹಾಕುವ ಮಾತು ಅಲ್ಲಿಗೆ ನಿಂತಿತು.

ಡಾಕ್ಟರ ಸರದಿ

ಮರುವರ್ಷ ಡಾಕ್ಟರ ಹೆಂಡತಿಗೂ ನಮ್ಮಲ್ಲೇ ಹೆರಿಗೆಯಾಯಿತು. ಅವರಿಗೂ ಮೊದಲನೆಯದು ದಕ್ಕಿರಲಿಲ್ಲ. ಅವತ್ತು ಸಂತೆಗೆ ಬಂದಿದ್ದ ಮದಲೂರು ಕಡೆಯ ಅಜ್ಜಿಯೂ ಮೊಮ್ಮಗನನ್ನು ತೋರಿಸಲು ಆಸ್ಪತ್ರೆಗೆ ಬಂದಿದ್ದಳು. ನಾನು ಹೆಣ್ಣು ಕೂಸನ್ನು ಎತ್ತಿಕೊಂಡು ಹೊರಗೆ ಬಂದರೆ, ಡಾಕ್ಟರು ಕಂಬದ ಮರೆಯಲ್ಲಿ ನಿಂತಿದ್ದಾರೆ, ಕೈಯಲ್ಲಿ ಮೊರದ ತುಂಬ ರಾಗಿ!

“ಇದು ಮೂಢನಂಬಿಕೆ ಅಲ್ವಾ ಡಾಕ್ಟ್ರೇ?” ಅಂದೆ.

“ಹೌದಮ್ಮ, ಹೌದು. ಯಾರಾದರೂ ನೋಡುವುದರೊಳಗೆ ಬೇಗ ಮಾರು.”

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅಷ್ಟರಲ್ಲಿ ಅಜ್ಜಿ ಕೂಸನ್ನು ನನ್ನಿಂದ ತೆಗೆದು ಮಡಿಲಲ್ಲಿ ಹಾಕಿಕೊಂಡು, ಮೊರದ ರಾಗಿಯಲ್ಲಿ ಬೆರಳಾಡಿಸಿದಳು.

“ಇದ್ರಾಗೆ ಬರೀ ಕಲ್ಲೈತೆ ಸ್ವಾಮಿ. ಹೋಗಿ ಒಳ್ಳೆ ರಾಗಿ ತನ್ನಿ, ಅಲ್ಲೀಗಂಟ ಕೂಸು ನಂದೇ!”