ಎರಡನೇ ತುತ್ತಿನ ಗಡುವು

ನಮ್ಮಕ್ಕನ ಅಡುಗೆಯಲ್ಲಿ ಉಪ್ಪು ಕಡಿಮೆ ಎಂದು ಹೇಳಲು ನಿಮಗೆ ಎಷ್ಟು ಸಮಯವಿದೆ ಗೊತ್ತೇ? ಎರಡನೇ ತುತ್ತು ಬಾಯಿಗಿಡುವವರೆಗೆ ಮಾತ್ರ!

ಅಕ್ಕ ಭಾನುವಾರಗಳಂದು ಬಸವೇಶ್ವರನಗರದ ಮೈದಾನದಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಕ್ಕೆ ಅಂಪೈರ್. ಅಲ್ಲಿ ಅಂಪೈರ್ ತೀರ್ಪಿಗೆ ತಕರಾರು ತೆಗೆಯುವುದಾದರೆ ಮುಂದಿನ ಬಾಲ್ ಎಸೆಯುವುದರೊಳಗೆ ತೆಗೆಯಬೇಕು. ಅದೂ ನಿಯಮ ತಪ್ಪಿದ್ದರೆ ಮಾತ್ರ. ಅಂಪೈರ್ ಕಣ್ಣಿಗೆ ಕಂಡದ್ದನ್ನು ಪ್ರಶ್ನಿಸುವಂತಿಲ್ಲ. ಮೈದಾನಕ್ಕೆ ಸರಿ. ಇದನ್ನು ಅಡುಗೆಮನೆಗೂ ತಂದವರು ಲೋಕದಲ್ಲಿ ಇನ್ಯಾರಾದರೂ ಇದ್ದಾರೆಯೇ?

ಮದುವೆಯಾದ ಹೊಸತರಲ್ಲಿ ಭಾವ, "ಉಪ್ಪು ಸ್ವಲ್ಪ ಕಮ್ಮಿ" ಎಂದರಂತೆ.

"ಎರಡನೇ ತುತ್ತು ನುಂಗಿದ್ರಲ್ಲ? ಟೈಮ್ ಮುಗೀತು!"

ಮರುದಿನ ಮೊದಲ ತುತ್ತಿಗೇ, "ಬೇಳೆ ಬೆಂದಿಲ್ಲ" ಎಂದರು.

"ಬೆಂದಿದ್ಯೋ ಇಲ್ವೋ ಅನ್ನೋದು ನನ್ನ ತೀರ್ಮಾನ ಕಣ್ರೀ. ಅದಕ್ಕೆ ತಕರಾರಿಲ್ಲ!"

ಪಾಪ, ಭಾವ ಇಂದಿಗೂ ನಿಯಮ ತಪ್ಪಿದ ಸಾರಿಗಾಗಿ ಕಾಯುತ್ತಿದ್ದಾರೆ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಅಕ್ಕ ಸ್ಕೋರ್ ಹೇಳಲು ಕೂರಿಸುತ್ತಾಳೆ. ಈ ಭಾನುವಾರ ಹೆಗ್ಗನಹಳ್ಳಿ ತಂಡದ ಹುಡುಗಿಗೆ ಔಟ್ ಕೊಟ್ಟಳು. ಬೀಸಿದ ಬ್ಯಾಟಿಗೆ ಬಾಲ್ ಸಿಗದಿದ್ದರೆ ಒಂದು ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟ್. ಆಗಿದ್ದದ್ದು ಎರಡೇ! ಅವರ ಕ್ಯಾಪ್ಟನ್ ಓಡಿ ಬಂದಳು.

"ಮೇಡಂ, ಎರಡೇ ಸ್ಟ್ರೈಕು! ಇನ್ನೂ ಮುಂದಿನ ಬಾಲ್ ಹಾಕಿಲ್ಲ!"

ಅಕ್ಕ ನನ್ನ ಕಡೆ ತಿರುಗಿದಳು. "ಎಷ್ಟೋ?"

ಅಷ್ಟು ಜನರೆದುರು ಅವಳ ಮುಖ ಸಣ್ಣದಾಗುವುದನ್ನು ನೋಡಲಾರದೆ ಹೋದೆನೋ, ಮಧ್ಯಾಹ್ನದ ಊಟದ ಭಯವೋ, "ಮೂರು" ಎಂದುಬಿಟ್ಟೆ. ಮುಂದಿನ ಬಾಲ್ ಬಿತ್ತು. ಆ ತಂಡ ಒಂದೇ ರನ್ನಿನಿಂದ ಸೋತಿತು. ಫೈನಲ್ ತಪ್ಪಿದ ಹುಡುಗಿಯರು ಬ್ಯಾಟುಗಳನ್ನು ಚೀಲಕ್ಕೆ ತುಂಬಿಕೊಂಡರು.

ಮಧ್ಯಾಹ್ನ ಮೊದಲ ತುತ್ತು ನುಂಗಿ, ಅನ್ನ ಕಲೆಸುತ್ತಲೇ ಕುಳಿತೆ.

"ಯಾಕೋ, ಉಪ್ಪು ಕಮ್ಮೀನಾ?"

"ಎರಡೇ ಸ್ಟ್ರೈಕ್ ಆಗಿದ್ದು ಅಕ್ಕಾ."

ಭಾವನ ಕೈ ತಟ್ಟೆಯಲ್ಲೇ ನಿಂತಿತು. ಸೌಟು ನನ್ನ ತಲೆಯ ಮೇಲೆ ಬೀಳುತ್ತದೆ ಎಂದುಕೊಂಡೆ.

"ನಂಗೂ ಅನುಮಾನ ಇತ್ತು ಕಣೋ," ಎಂದಳು ಅಕ್ಕ. "ಆದ್ರೆ ಹುಟ್ಟಿದಾಗಿಂದ ನೀನು ನನ್ನ ಪರ ಮಾತಾಡಿದ್ದು ಇದೇ ಮೊದ್ಲು. ಖುಷೀಲಿ ನಂಬಿಬಿಟ್ಟೆ."

ಕೈ ತೊಳೆದು ಕ್ಯಾಪ್ಟನ್‌ಗೆ ಫೋನ್ ಮಾಡಿದಳು. "ಪುಟ್ಟಾ, ತಪ್ಪು ನಂದೇ. ಮುಂದಿನ ವಾರ ಆ ಎರಡನೇ ಸ್ಟ್ರೈಕಿಂದಾನೇ ಆಡಿಸ್ತೀನಿ. ಟೈಮಾ? ನೀನು ಟೈಮಿಗೇ ಕೇಳಿದ್ದೆ ಕಣಮ್ಮ. ಲೇಟ್ ಮಾಡಿದ್ದು ನಾವು."

ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ನನ್ನ ಮುಖವನ್ನೇ ನೋಡುತ್ತ ಕುಳಿತಳು. ಉಪ್ಪು ನಿಜಕ್ಕೂ ಕಡಿಮೆಯಿತ್ತು.

ನಾನು ಬೇಗಬೇಗನೆ ಎರಡನೇ ತುತ್ತು ನುಂಗಿದೆ.